ಮೊಸರಿಗೆ ಹೆಪ್ಪು ಬೇಕು, ದೋಸೆ ಹಿಟ್ಟಿಗೆ ಬೇಡ, ರಸಮೇವಿಗೆ?

ಇವತ್ತಿನ ವಿಷಯ ಹಸುವಿನ ಮೇವು. ದಯವಿಟ್ಟು ಸ್ಕಿಪ್ ಮಾಡ್ಬೇಡಿ. ಈ ಪಾಡ್‌ಕಾಸ್ಟ್ ಕೇಳೋರಲ್ಲಿ ಎಷ್ಟೋ ಜನರ ಮನೆಯಿಂದ ಈಗಲೂ ಬೆಳಿಗ್ಗೆ ಆರು ಗಂಟೆಗೆ ಡೈರಿಗೆ ಹಾಲು ಹೋಗುತ್ತೆ. ನಿಮ್ಮ ಕಾಲೇಜ್ ಫೀಸಲ್ಲಿ ಆ ಹಾಲಿನ ದುಡ್ಡೂ ಇರುತ್ತೆ. ಊರಲ್ಲಿ ಅಪ್ಪ ಅಮ್ಮನಿಗೆ "ಇದನ್ನ ನೋಡಿ" ಅಂತ ವಾಟ್ಸಾಪಲ್ಲಿ ರೀಲ್ಸ್ ಕಳಿಸೋರೂ ನೀವೇ. ನಾನೂ ಕಳಿಸಿದ್ದೆ. ಅದರಿಂದಲೇ ಈ ಎಪಿಸೋಡ್ ಹುಟ್ಟಿದ್ದು.

ಹೋದ ವರ್ಷ ದೀಪಾವಳಿ ಕಳೆದು ಹತ್ತು ದಿನ ಆಗಿತ್ತು. ಕೋಲಾರದ ಕಡೆ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಬೆಳಿಗ್ಗೆ ಚಳಿ. ಮಾವ ಕೊಟ್ಟಿಗೆ ಹಿಂದಿನ ಗುಂಡಿಯ ಟಾರ್ಪಾಲು ಸರಿಸಿದ್ರು. ಒಳಗಿಂದ ಹಬೆ ಎದ್ದಿತು, ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ. ನನಗೆ ಖುಷಿಯಾಯ್ತು, ಫೋಟೋ ತೆಗೆಯೋಕೆ ಫೋನೂ ಎತ್ತಿದೆ. ಮಾವ ನನ್ನ ಕೈ ಹಿಡಿದು ಮೇವಿನೊಳಗೆ ತೂರಿಸಿದ್ರು. ಸುಡೋ ಹಾಗಿತ್ತು. ಒಂದು ಮಂಕರಿ ತಗೊಂಡು ಹಸು ಮುಂದೆ ಹಾಕಿದ್ರು. ಹಸು ಮೂಸಿ ನೋಡಿ ಮುಖ ತಿರುಗಿಸಿತು.

"ಏನ್ ಅಳಿಯಂದಿರೇ, ಪೌಡರ್ ಹಾಕಿದ್ರೆ ಮೇವು ಕೆಡಲ್ಲ ಅಂದ್ರಲ್ಲ? ಪೌಡರ್ ಇಲ್ಲದ ವರ್ಷ ಇಷ್ಟು ಬಿಸಿ ಇರ್ಲಿಲ್ಲಪ್ಪ."

ಆ ಪ್ಯಾಕೆಟ್ ಆನ್‌ಲೈನಲ್ಲಿ ಆರ್ಡರ್ ಮಾಡಿದ್ದು ನಾನೇ. ಮೇವು ಬೇಗ ಹುಳಿಯಲಿ ಅಂತ ಹಾಕೋ ಬ್ಯಾಕ್ಟೀರಿಯಾ ಪುಡಿ ಅದು. ಇಂಗ್ಲಿಷಲ್ಲಿ ಇನಾಕ್ಯುಲಂಟ್ ಅಂತಾರೆ. ಒಂದು ರೀಲ್ಸ್ ನೋಡಿದ್ದೆ, ಕಾಮೆಂಟ್ಸಲ್ಲಿ ಎಲ್ಲರೂ ಸೂಪರ್ ಅಂದಿದ್ರು, ಆರ್ಡರ್ ಒತ್ತಿದೆ. ಹಿಂದೆ ಏನು ಬರೆದಿದೆ ಅಂತಲೂ ಓದಿರಲಿಲ್ಲ. ಬಿಕಾಂ ಓದಿದವನು, ಬ್ಯಾಲೆನ್ಸ್ ಶೀಟಿನ ಕೆಳಗಿನ ಸಣ್ಣಕ್ಷರ ಓದೋಕೆ ಕಲಿತವನು, ಹತ್ತು ಟನ್ ಮೇವಿಗೆ ಹಾಕೋ ಪ್ಯಾಕೆಟ್ ಓದಲಿಲ್ಲ. ವಾಪಸ್ ಬಂದಮೇಲೆ ಹಠಕ್ಕೆ ಬಿದ್ದು ಓದಿದೆ. ಇವತ್ತು ಹೇಳ್ತಿರೋದು ಅದನ್ನ.

ಮೊದಲು ರಸಮೇವು ಅಂದ್ರೆ ಏನು ಅಂತ ಬೇಗ ಹೇಳಿಬಿಡ್ತೀನಿ. ಸೈಲೇಜ್ ಅಂತ ಎಲ್ಲರೂ ಅನ್ನೋದು ಇದಕ್ಕೇ. ನಮ್ಮ ಕಡೆ ಮುಸುಕಿನ ಜೋಳ, ದಾವಣಗೆರೆಯಲ್ಲಿ ಮೆಕ್ಕೆಜೋಳ, ಹಾವೇರಿ ಧಾರವಾಡದಲ್ಲಿ ಗೋವಿನಜೋಳ. ಹೆಸರು ಮೂರು, ಬೆಳೆ ಒಂದೇ. ತೆನೆಯಲ್ಲಿ ಕಾಳು ಅರ್ಧ ಹಾಲು ಅರ್ಧ ಗಟ್ಟಿ ಇರೋವಾಗ ಇಡೀ ಗಿಡ ಕಡಿದು, ಒಂದೆರಡು ಸೆಂಟಿಮೀಟರ್ ತುಂಡು ಮಾಡಿ, ಗುಂಡಿಯಲ್ಲೋ ಚೀಲದಲ್ಲೋ ಗಾಳಿ ಇಲ್ಲದ ಹಾಗೆ ತುಳಿದು ಮುಚ್ಚೋದು. ಒಳಗಿರೋ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಗಿಡದ ಸಕ್ಕರೆ ತಿಂದು ಹುಳಿ ಮಾಡ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿಯುತ್ತೆ. ಆ ಹುಳಿಯಲ್ಲಿ, ಗಾಳಿಯೂ ಇಲ್ಲದೆ, ಕೊಳೆಸೋ ಜೀವಿಗಳು ಬದುಕಲ್ಲ. ಮೇವು ತಿಂಗಳುಗಟ್ಟಲೆ ಹಾಗೇ ಇರುತ್ತೆ. ಬೇಸಿಗೆಯಲ್ಲಿ ಹಸಿರು ಸಿಗದ ನಮ್ಮ ಬಯಲುಸೀಮೆಗೆ ಇದು ದೊಡ್ಡ ಆಸರೆ.

ಹುಳಿ ಮಾಡಿ ಮೇವು ಕಾಪಾಡೋ ವಿಷಯಕ್ಕೆ ನೊಬೆಲ್ ಕೂಡ ಬಂದಿದೆ, ಗೊತ್ತಾ? ಫಿನ್ಲೆಂಡಿನ ಎ.ಐ. ವಿರ್ಟನೆನ್, 1945ರಲ್ಲಿ, ರಸಾಯನಶಾಸ್ತ್ರಕ್ಕೆ. ಅವರು ಬ್ಯಾಕ್ಟೀರಿಯಾಗೆ ಕಾಯದೆ ಹಸಿರು ಮೇವಿಗೆ ನೇರವಾಗಿ ಆಮ್ಲವನ್ನೇ ಸೇರಿಸೋ ದಾರಿ ಹಿಡಿದಿದ್ರು. ನಾವು ಹೆಪ್ಪಿನ ದಾರಿಗೆ ಬರೋಣ.

ಹೌದು, ಇನಾಕ್ಯುಲಂಟ್ ಅಂದ್ರೆ ಹೆಪ್ಪು. ನಮ್ಮ ಭಾಷೆಯಲ್ಲಿ ಆ ಪದ ಮೊದಲಿಂದ ಇದೆ. ಆದರೆ ಒಂದು ವಿಷಯ ಯೋಚನೆ ಮಾಡಿ. ಮೊಸರು ಮಾಡೋಕೆ ಹೆಪ್ಪು ಹಾಕ್ತೀವಿ. ದೋಸೆ ಹಿಟ್ಟಿಗೆ ಯಾರಾದ್ರೂ ಹೆಪ್ಪು ಹಾಕ್ತಾರಾ? ಇಲ್ಲ. ಹಾಲನ್ನ ಕಾಯಿಸಿ ಒಳಗಿನ ಬ್ಯಾಕ್ಟೀರಿಯಾ ಕೊಂದಿರ್ತೀವಿ, ಅದಕ್ಕೆ ಹೊರಗಿಂದ ಬೇಕು. ಅಕ್ಕಿ, ಉದ್ದಿನಲ್ಲಿ ಹುಳಿ ಬರಿಸೋ ಜೀವಿಗಳು ತಾವಾಗೇ ಇರ್ತವೆ, ರಾತ್ರಿ ಇಟ್ರೆ ಬೆಳಿಗ್ಗೆಗೆ ಉಕ್ಕುತ್ತೆ.

ಮುಸುಕಿನ ಜೋಳ ಈ ದೋಸೆ ಹಿಟ್ಟಿನ ಜಾತಿ. ಅದರಲ್ಲಿ ಸಕ್ಕರೆ ಬೇಕಾದಷ್ಟಿದೆ, ಹುಳಿಯಾಗೋದನ್ನ ತಡೆಯೋ ಗುಣ ಕಡಿಮೆ, ಎಲೆ ಮೇಲೆ ಬ್ಯಾಕ್ಟೀರಿಯಾನೂ ಇವೆ. ಸರಿಯಾಗಿ ತುಳಿದು ಮುಚ್ಚಿದ್ರೆ ಸಾಮಾನ್ಯವಾಗಿ ತಾನೇ ಹುಳಿಯುತ್ತೆ. ಕುದುರೆ ಮಸಾಲೆ ಸೊಪ್ಪಿನಂಥ ದ್ವಿದಳ ಮೇವು ಹಾಗಲ್ಲ. ಅದರಲ್ಲಿ ಸಕ್ಕರೆ ಕಡಿಮೆ, ಪ್ರೋಟೀನ್ ಜಾಸ್ತಿ, ಹುಳಿ ಏರೋದು ಕಷ್ಟ. ಅಲ್ಲಿ ಹೆಪ್ಪು ನಿಜವಾಗ್ಲೂ ಕೆಲಸ ಮಾಡುತ್ತೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅದುವರೆಗಿನ ತುಂಬಾ ಪ್ರಯೋಗಗಳನ್ನ ಒಟ್ಟುಗೂಡಿಸಿ ನೋಡಿದ್ದು, ಇದನ್ನೇ ಹೇಳುತ್ತೆ: ಬೇಗ ಹುಳಿ ಬರಿಸೋ ಮಾಮೂಲಿ ಹೆಪ್ಪುಗಳಿಂದ ಹುಲ್ಲು, ದ್ವಿದಳ ಮೇವಿನ ಪಿಎಚ್ ಚೆನ್ನಾಗಿ ಇಳಿದಿತ್ತು, ಮುಸುಕಿನ ಜೋಳದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ.

ಹಾಗಾದ್ರೆ ಜೋಳಕ್ಕೆ ಪೌಡರೇ ದಂಡವಾ? ಅಷ್ಟು ಬೇಗ ತೀರ್ಪು ಕೊಡ್ಬೇಡಿ. ಜೋಳದ ರಸಮೇವು ಹೆಚ್ಚಾಗಿ ಕೆಡೋದು ಮುಚ್ಚಿದಾಗಲ್ಲ, ತೆಗೆದಾಗ.

ಉಪ್ಪಿನಕಾಯಿ ಜಾಡಿ ನೆನಪಿಸ್ಕೊಳ್ಳಿ. ಅಜ್ಜಿ ದೊಡ್ಡ ಜಾಡಿಯನ್ನ ದಿನಾ ತೆಗೀತಿರಲಿಲ್ಲ. ವಾರಕ್ಕಾಗುವಷ್ಟು ಸಣ್ಣ ಬಾಟಲಿಗೆ ಹಾಕಿ, ಮತ್ತೆ ಬಟ್ಟೆ ಕಟ್ಟಿಡೋರು. ಮೇವಿನ ಗುಂಡಿಯದೂ ಅದೇ ಕಥೆ. ಟಾರ್ಪಾಲು ಸರಿಸಿದ ಕ್ಷಣ ಗಾಳಿ ಒಳಗೆ ಹೋಗುತ್ತೆ. ಅಲ್ಲಿವರೆಗೂ ಮಲಗಿದ್ದ ಯೀಸ್ಟ್ ಎದ್ದು ಲ್ಯಾಕ್ಟಿಕ್ ಆಮ್ಲವನ್ನೇ ತಿನ್ನೋಕೆ ಶುರು ಮಾಡುತ್ತೆ. ಅದು ತಿಂದಾಗ ಹುಟ್ಟೋ ಶಾಖವೇ ಆ ಹಬೆ. ಹುಳಿ ಕಡಿಮೆ ಆಗ್ತಿದ್ದ ಹಾಗೆ ಬೂಷ್ಟು, ಇತರ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಂತೆ. ಅಂದ್ರೆ ನಾನು ಫೋಟೋ ತೆಗೆಯೋಕೆ ಹೊರಟಿದ್ದು ಹಸುವಿನ ಹೊಟ್ಟೆಗೆ ಹೋಗಬೇಕಿದ್ದ ಶಕ್ತಿ ಗಾಳಿಗೆ ಹೋಗೋದನ್ನ.

ಇಲ್ಲಿ ಒಂದು ವಿಚಿತ್ರ ಇದೆ, ಅದೇ ನನ್ನನ್ನ ಹಿಡಿದು ಕೂರಿಸಿದ್ದು. ಪ್ಯಾಕೆಟ್‌ಗಳಲ್ಲಿರೋ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಪ್ಲಾಂಟಾರಮ್, ಪೀಡಿಯೋಕಾಕಸ್ ಗುಂಪು. ಇವು ಸಕ್ಕರೆಯನ್ನ ಹೆಚ್ಚುಕಮ್ಮಿ ಪೂರ್ತಿ ಲ್ಯಾಕ್ಟಿಕ್ ಆಮ್ಲ ಮಾಡ್ತವೆ. ವೇಗ, ದಕ್ಷತೆ, ಒಳ್ಳೆ ವಾಸನೆ. ಆದರೆ ಲ್ಯಾಕ್ಟಿಕ್ ಆಮ್ಲ ಅಂದ್ರೆ ಯೀಸ್ಟಿಗೆ ಊಟ ಅಂತ ಈಗಷ್ಟೇ ಹೇಳಿದೆ. ಯೀಸ್ಟನ್ನ ತಡೆಯೋ ಅಸಿಟಿಕ್ ಆಮ್ಲ, ಅಂದ್ರೆ ನಮ್ಮ ವಿನೆಗರ್‌ನಲ್ಲಿರೋದು, ಈ ಗುಂಪಿನಿಂದ ಕಡಿಮೆ. ಹಾಗಾಗಿ ಇದೊಂದನ್ನೇ ಹಾಕಿದ ಮೇವು ಮುಚ್ಚಿರೋವರೆಗೂ ಚೆನ್ನಾಗಿದ್ದು, ತೆಗೆದ ಮೇಲೆ ಏನೂ ಹಾಕದ ಮೇವಿಗಿಂತ ಬೇಗ ಬಿಸಿಯಾಗೋ ಸಾಧ್ಯತೆ ಇದೆ! ಸಂಶೋಧಕರು ಇದನ್ನ ಮತ್ತೆ ಮತ್ತೆ ಕಂಡಿದ್ದಾರೆ.

ಇನ್ನೊಂದು ಬುಕ್ನೆರಿ. ಲ್ಯಾಕ್ಟೋಬ್ಯಾಸಿಲಸ್ ಬುಕ್ನೆರಿ ಅಂತಿದ್ದ ಹೆಸರನ್ನ 2020ರಲ್ಲಿ ಲೆಂಟಿಲ್ಯಾಕ್ಟೋಬ್ಯಾಸಿಲಸ್ ಬುಕ್ನೆರಿ ಅಂತ ಬದಲಾಯಿಸಿದ್ರು, ಪ್ಯಾಕೆಟ್ ಮೇಲೆ ಎರಡರಲ್ಲಿ ಯಾವುದಾದ್ರೂ ಇರಬಹುದು. 1990ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದರ ಗುಣವನ್ನ ಬೆಳಕಿಗೆ ತಂದ್ರು. ಇದು ನಿಧಾನದ ಆಸಾಮಿ. ಬೇರೆಯವರು ಮಾಡಿಟ್ಟ ಲ್ಯಾಕ್ಟಿಕ್ ಆಮ್ಲದಲ್ಲಿ ಸ್ವಲ್ಪವನ್ನ ಅಸಿಟಿಕ್ ಆಮ್ಲ ಮಾಡುತ್ತೆ. ಆ ಕೆಲಸದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಟು ಮೇವು ಒಂಚೂರು ಕಡಿಮೆಯೂ ಆಗುತ್ತೆ. ಅದನ್ನ ಇನ್ಶೂರೆನ್ಸ್ ಪ್ರೀಮಿಯಂ ಅಂದ್ಕೊಳ್ಳಿ, ಯಾಕಂದ್ರೆ ತೆಗೆದ ಮೇಲೆ ಯೀಸ್ಟ್ ಏಳಲ್ಲ.

ಎಷ್ಟು ವ್ಯತ್ಯಾಸ? 2006ರಲ್ಲಿ ಕ್ಲೈನ್‌ಸ್ಮಿಟ್ ಮತ್ತು ಕುಂಗ್ ಅನ್ನೋರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ್ರು. ಏನೂ ಹಾಕದ ಜೋಳದ ರಸಮೇವು ಗಾಳಿಗೆ ಬಿಟ್ಟ 25 ಗಂಟೆಗೆ ಕೆಡೋಕೆ ಶುರು. ಒಂದು ಗ್ರಾಂ ಮೇವಿಗೆ 1 ಲಕ್ಷ ಅಥವಾ ಅದಕ್ಕಿಂತ ಕಡಿಮೆ ಬುಕ್ನೆರಿ ಹಾಕಿದ್ರೆ 35 ಗಂಟೆ. 1 ಲಕ್ಷ ಮೀರಿದ್ರೆ? 503 ಗಂಟೆ. ನಾನು ಟೈಪಿಂಗ್ ತಪ್ಪು ಅಂದ್ಕೊಂಡು ಎರಡು ಸಲ ನೋಡಿದೆ. ಅಂದಾಜು 21 ದಿನ. ಇವೆಲ್ಲ ಪ್ರಯೋಗಗಳ ಅಂಕಿ, ಕೋಲಾರದ ಗುಂಡಿಯಲ್ಲಿ ಇಷ್ಟೇ ಬರುತ್ತೆ ಅಂತ ನಾನು ಬರೆದುಕೊಡಲ್ಲ. ಆದ್ರೆ ಅರ್ಧ ಡೋಸ್ ಹಾಕಿ ಅರ್ಧ ಲಾಭ ತಗೋತೀನಿ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ ಅನ್ನೋದಂತೂ ಗೊತ್ತಾಗುತ್ತೆ.

ಡೋಸ್ ಪರೀಕ್ಷೆ ಮಾಡೋದು ಬರೀ ಭಾಗಾಕಾರ. ಪ್ಯಾಕೆಟ್ ಮೇಲೆ ಸಿಎಫ್‌ಯು ಅಂತ ಇರುತ್ತೆ, ಬದುಕಿರೋ ಬ್ಯಾಕ್ಟೀರಿಯಾ ಲೆಕ್ಕ ಅದು. ಒಂದು ಗ್ರಾಂ ಪುಡಿಯಲ್ಲಿ 1,000 ಕೋಟಿ, ಪ್ಯಾಕೆಟ್ 100 ಗ್ರಾಂ ಅಂತಿಟ್ಕೊಳ್ಳಿ. ಒಟ್ಟು 1 ಲಕ್ಷ ಕೋಟಿ. ಒಂದು ಟನ್ ಅಂದ್ರೆ 10 ಲಕ್ಷ ಗ್ರಾಂ. 10 ಟನ್ನಿಗೆ ಹಾಕಿದ್ರೆ ಗ್ರಾಂಗೆ 1 ಲಕ್ಷ ಬೀಳುತ್ತೆ. ಅದೇ ಪ್ಯಾಕೆಟ್ "50 ಟನ್ನಿಗೆ ಸಾಕು" ಅಂದ್ರೆ ಗ್ರಾಂಗೆ ಬರೀ 20 ಸಾವಿರ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಸೊನ್ನೆಗಳನ್ನ ಎಣಿಸಿ. ಲೆಕ್ಕ ಹಾಕೋಕೆ ಬೇಕಾದ ಅಂಕಿ ಪ್ಯಾಕೆಟ್ ಮೇಲೆ ಇಲ್ಲದಿದ್ರೆ, ಯಾವ ಬ್ಯಾಕ್ಟೀರಿಯಾ ಅಂತ ಹೆಸರೂ ಇಲ್ಲದಿದ್ರೆ, ನಾನಂತೂ ಇನ್ನು ದುಡ್ಡು ಕೊಡಲ್ಲ.

ಈಗ ಮಾವನ ಗುಂಡಿಗೆ ವಾಪಸ್. ಪ್ಯಾಕೆಟ್ ಕವರ್ ಇನ್ನೂ ಕೊಟ್ಟಿಗೆಯ ಗೂಡಲ್ಲಿತ್ತು. ಅದರಲ್ಲಿದ್ದದ್ದು ಪ್ಲಾಂಟಾರಮ್ ಒಂದೇ. ಸಿಕ್ಕಿಬಿದ್ದ ಕಳ್ಳ ಅಂದ್ಕೊಂಡೆ. ಆದ್ರೆ ಅತ್ತೆ ಇನ್ನೊಂದು ಮಾತು ಹೇಳಿದ್ರು: ಪ್ಯಾಕೆಟ್ ಬಂದದ್ದು ಜುಲೈನಲ್ಲಿ, ಶೀಟ್ ಮನೆಯ ಕಿಟಕಿಯಲ್ಲಿ ದಸರಾವರೆಗೂ ಬಿದ್ದಿತ್ತು. ಬಿಸಿಲಿಗೆ ಕಾದ ತಗಡಿನ ಕೆಳಗೆ ಎರಡು ತಿಂಗಳ ಮೇಲೆ! ತಂಪಾದ ಜಾಗದಲ್ಲಿಡಿ ಅಂತ ಸಣ್ಣಕ್ಷರದಲ್ಲಿ ಬರೆದಿತ್ತು. ಅರ್ಧಕ್ಕರ್ಧ ಸತ್ತೇ ಹೋಗಿರಬಹುದು. ಅಂದ್ರೆ ಆ ಪ್ಯಾಕೆಟ್ ಕೆಟ್ಟದ್ದೂ ಮಾಡಿಲ್ಲ, ಒಳ್ಳೇದೂ ಮಾಡಿಲ್ಲ ಅನ್ನೋ ಸಾಧ್ಯತೆಯೂ ಇದೆ.

ಆಮೇಲೆ ಮೂರನೇ ಆರೋಪಿ ಸಿಕ್ಕಿತು. ನನ್ನ ಅನುಮಾನ ಹೆಚ್ಚು ಅದರ ಮೇಲೇ.

ಹಿಂದಿನ ವರ್ಷ ಮಾವನ ಹತ್ರ ಆರು ಹಸು ಇದ್ವು. ಮಗಳ ಮದುವೆಗೆ ಎರಡು ಮಾರಿದ್ರು. ಗುಂಡಿ ಮಾತ್ರ ಅದೇ: 2 ಮೀಟರ್ ಅಗಲ, ಒಂದೂವರೆ ಮೀಟರ್ ಆಳ, 6 ಮೀಟರ್ ಉದ್ದ. ಒಂದು ಹಸುಗೆ ದಿನಕ್ಕೆ 15 ಕೆ.ಜಿ. ರಸಮೇವು, ನಾಲ್ಕಕ್ಕೆ 60 ಕೆ.ಜಿ. ಚೆನ್ನಾಗಿ ತುಳಿದ ಮೇವು ಘನ ಮೀಟರಿಗೆ 600 ಕೆ.ಜಿ. ಅಂತ ಹಿಡಿದ್ರೆ, 60 ಕೆ.ಜಿ. ಅಂದ್ರೆ ಘನ ಮೀಟರಿನ ಹತ್ತನೇ ಒಂದು ಭಾಗ. ಗುಂಡಿಯ ಬಾಯಿ 3 ಚದರ ಮೀಟರ್. ಭಾಗಿಸಿ ನೋಡಿ. ದಿನಕ್ಕೆ 3 ಸೆಂಟಿಮೀಟರ್ ಚಿಲ್ಲರೆ ಮಾತ್ರ ಒಳಗೆ ಹೋಗ್ತಾರೆ. ಪುಸ್ತಕಗಳು ದಿನಕ್ಕೆ ಕಡಿಮೆ ಅಂದ್ರೂ 15 ಸೆಂಟಿಮೀಟರ್ ತೆಗೀರಿ, ಬಿಸಿಲುಗಾಲದಲ್ಲಿ ಇನ್ನೂ ಹೆಚ್ಚು ಅಂತವೆ. ಅಂದ್ರೆ ಮಾವ ಇವತ್ತು ತಿನ್ನಿಸೋ ಮೇವಿಗೆ ನಾಲ್ಕೈದು ದಿನದಿಂದ ಗಾಳಿ ಸೋಕ್ತಾನೇ ಇದೆ. ಆರು ಹಸು ಇದ್ದಾಗ ದಿನಕ್ಕೆ 5 ಸೆಂಟಿಮೀಟರ್ ಹೋಗ್ತಿತ್ತು, ಅದೂ ಕಡಿಮೆಯೇ, ಆದ್ರೂ ಹೇಗೋ ನಡೀತಿತ್ತು.

ಯೂಟ್ಯೂಬಲ್ಲಿ ತೋರಿಸೋ ದೊಡ್ಡ ಗುಂಡಿಗಳು ನೂರಾರು ಹಸುಗಳ ಫಾರ್ಮಿಗೆ. ಅವರು ದಿನಕ್ಕೊಂದು ಮೊಳ ಕೊಯ್ದು ಹಾಕ್ತಾರೆ, ಯೀಸ್ಟಿಗೆ ಏಳೋಕೆ ಪುರಸೊತ್ತೇ ಇಲ್ಲ. ಮೂರು ನಾಲ್ಕು ಹಸು ಸಾಕೋ ನಮ್ಮವರು ಅದನ್ನೇ ಸಣ್ಣದಾಗಿ ಮಾಡೋಕೆ ಹೋಗಿ ನಷ್ಟ ಮಾಡ್ಕೋತಾರೆ. ತೆಗೆದ ಮೇಲೆ ಕೆಡದ ಹಾಗೆ ನೋಡ್ಕೊಳ್ಳೋ ಹೆಪ್ಪು ಹೆಚ್ಚು ಬೇಕಿರೋದು ಈ ಸಣ್ಣ ರೈತನಿಗೆ. ಅವನ ಕೈಗೆ ಸಿಗೋ ರೀಲ್ಸಲ್ಲಿ ಮಾತ್ರ "ಹುಳಿ ಬೇಗ ಬರುತ್ತೆ, ಹಾಲು ಜಾಸ್ತಿ ಆಗುತ್ತೆ" ಅನ್ನೋದೇ. ಹಾಲಿನ ವಿಷಯಕ್ಕೆ ಬಂದ್ರೆ, ಆಗಲೇ ಹೇಳಿದ 2017ರ ಅಧ್ಯಯನದಲ್ಲಿ ಹಸುವಿಗೆ ದಿನಕ್ಕೆ ಸರಾಸರಿ 0.37 ಕೆ.ಜಿ. ಹೆಚ್ಚು ಬಂದಿತ್ತು. ಒಂದು ಲೋಟದ ಮೇಲೆ ಸ್ವಲ್ಪ. ಎರಡು ಲೀಟರ್ ಏರುತ್ತೆ ಅನ್ನೋರನ್ನ ನಂಬಬೇಡಿ.

ಗುಂಡಿ ಪೂರ್ತಿ 11 ಟನ್ ಹತ್ತಿರ. ಕೆ.ಜಿ.ಗೆ 6 ರೂಪಾಯಿ ಅಂತಲೇ ಇಟ್ಕೊಳ್ಳಿ. ಹತ್ತರಲ್ಲಿ ಒಂದು ಪಾಲು ಬಿಸಾಡಿದ್ರೂ ಆರು ಸಾವಿರದ ಮೇಲೆ ಹೋಯ್ತು. ಮಾವ ಬಿಸಾಡಿದ್ದು ಅದಕ್ಕಿಂತ ಜಾಸ್ತಿ. ಹಸು ತಿನ್ನದೆ ಹಾಲು ಇಳಿದದ್ದು, ಅದನ್ನ ಸರಿದೂಗಿಸೋಕೆ ಹಿಂಡಿ ಬೂಸಾ ಹೆಚ್ಚು ತಂದದ್ದು ಇದರಲ್ಲಿ ಸೇರಿಲ್ಲ. ಬೂಷ್ಟು ಹಿಡಿದದ್ದನ್ನ ಮೇಲೆ ಮೇಲೆ ಕೆರೆದು ಹಾಕೋಣ ಅಂದ್ರು ಅತ್ತೆ. ನಾನು ಬೇಡ ಅಂದೆ. ಕೆಲವು ಬೂಷ್ಟುಗಳ ವಿಷ ಹಸುವಿನ ಮೂಲಕ ಹಾಲಿಗೂ ಬರುತ್ತೆ. ಆ ಹಾಲು ಕುಡಿಯೋದು ಮಕ್ಕಳು.

ಈ ವರ್ಷ ಏನು ಮಾಡಿದ್ವಿ ಅಂತ ಹೇಳ್ತೀನಿ. ಗುಂಡಿಯ ಮಧ್ಯೆ ಉದ್ದಕ್ಕೂ ಇಟ್ಟಿಗೆ ಗೋಡೆ ಕಟ್ಟಿಸಿದ್ವಿ, ಎರಡು ಕಿರಿದಾದ ಗುಂಡಿ ಆಯ್ತು. ಬಾಯಿ ಅರ್ಧ ಆಗಿದ್ದಕ್ಕೆ ದಿನಕ್ಕೆ ಆರೂವರೆ ಸೆಂಟಿಮೀಟರ್ ಬರುತ್ತೆ. ಇನ್ನೂ 15 ಅಲ್ಲ, ಗೊತ್ತು. ಅದಕ್ಕೆ ಒಂದು ಭಾಗವನ್ನ ಗುಂಡಿಗೆ ಹಾಕದೆ 50 ಕೆ.ಜಿ. ಚೀಲಗಳಿಗೆ ತುಂಬಿದ್ವಿ. ದಿನಕ್ಕೊಂದು ಚೀಲ ಬಿಚ್ಚು, ಖಾಲಿ ಮಾಡು. ಅಜ್ಜಿಯ ಸಣ್ಣ ಬಾಟಲಿ. ಚೀಲಕ್ಕೆ ಇಲಿ ಕಾಟ ಇದೆ. ಒಂದು ತೂತು ಬಿದ್ರೆ ಆ ಚೀಲ ಹೋಯ್ತು. ಮಾವ ಬೆಕ್ಕೊಂದನ್ನ ತಂದಿದ್ದಾರೆ, ಅದು ಇಡೀ ದಿನ ಚೀಲದ ಮೇಲೆ ಮಲಗಿರುತ್ತೆ.

ಗುಂಡಿಗೆ ಬುಕ್ನೆರಿಯೂ ಪ್ಲಾಂಟಾರಮೂ ಎರಡೂ ಇರೋ ಹೆಪ್ಪು. ಒಂದು ಬೇಗ ಹುಳಿ ತರಲಿ, ಇನ್ನೊಂದು ಆಮೇಲೆ ಕಾಯಲಿ ಅಂತ. ಟನ್ನಿಗೆ ನಮಗೆ ಬಿದ್ದದ್ದು ನೂರು ರೂಪಾಯಿ ಆಸುಪಾಸು. ಪ್ಯಾಕೆಟ್ ಈ ಸಲ ಫ್ರಿಜ್ಜಲ್ಲಿ ಮೊಸರಿನ ಪಕ್ಕದಲ್ಲೇ ಇತ್ತು. ಕಲಸಿದ್ದು ಬೋರ್‌ವೆಲ್ ನೀರಲ್ಲಿ, ಯಾಕಂದ್ರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬ್ಯಾಕ್ಟೀರಿಯಾ ಕೊಲ್ಲುತ್ತೆ. ಅದಕ್ಕೇ ಹಾಕೋದಲ್ವಾ ಕ್ಲೋರಿನ್! ಔಷಧಿ ಹೊಡೆಯೋ ಹಳೇ ಕ್ಯಾನ್ ಬೇಡ ಅಂತ ಹೊಸ ಸ್ಪ್ರೇಯರ್ ತಂದ್ವಿ. ಮೇವು ಕತ್ತರಿಸೋ ಮಿಷನ್ನಿಂದ ಬೀಳ್ತಿರೋವಾಗಲೇ ಸಿಂಪಡಿಸಿದ್ವಿ. ಈ ಬ್ಯಾಕ್ಟೀರಿಯಾ ನಡೆದು ಹೋಗಿ ಹರಡಲ್ಲ, ಎಲ್ಲಿ ಬಿತ್ತೋ ಅಲ್ಲೇ. ಗುಂಡಿ ತುಂಬಿದ ಮೇಲೆ ಮೇಲಿಂದ ಒಂದು ಬಕೆಟ್ ಸುರಿಯೋದರಲ್ಲಿ ಅರ್ಥ ಇಲ್ಲ. ಹೋದ ವರ್ಷ ನಾವು ಮಾಡಿದ್ದು ಅದನ್ನೇ, ಅಂದ್ಹಾಗೆ.

ತುಳಿಯೋದಕ್ಕೆ ಮಾತ್ರ ಯಾವ ಹೆಪ್ಪೂ ಬದಲಿ ಅಲ್ಲ. ಗೇಣುದ್ದ ಪದರ ಹಾಕೋದು, ತುಳಿಯೋದು, ಮತ್ತೆ ಹಾಕೋದು. ಗುಂಡಿ ಕಿರಿದಾದ್ದರಿಂದ ಟ್ರ್ಯಾಕ್ಟರ್ ಇಳಿಯಲ್ಲ, ನೀರು ತುಂಬಿದ ಡ್ರಮ್ ಉರುಳಿಸಿದ್ವಿ, ಮೂಲೆಗಳನ್ನ ಕಾಲಲ್ಲೇ ತುಳಿದ್ವಿ. ಮಾರನೇ ದಿನ ನನಗೆ ಮೆಟ್ಟಿಲು ಹತ್ತೋಕಾಗಲಿಲ್ಲ. ಬೆಳೆ ತೀರಾ ಒಣಗಿದ್ರೆ ಎಷ್ಟು ತುಳಿದ್ರೂ ಗಾಳಿ ಉಳಿಯುತ್ತೆ, ತೀರಾ ಹಸಿ ಇದ್ರೆ ರಸ ಹರಿದುಹೋಗುತ್ತೆ. ನೂರಕ್ಕೆ 65ರಿಂದ 70 ತೇವ ಇರಬೇಕು. ಕತ್ತರಿಸಿದ ಮೇವನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಟ್ರೆ ನೀರು ತೊಟ್ಟಿಕ್ಕಬಾರದು, ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು.

ಉಳಿದದ್ದು ಕಾಯೋದು. ಬುಕ್ನೆರಿ ನಿಧಾನ ಅಂದೆನಲ್ಲ, ಅದರ ಅಸಿಟಿಕ್ ಆಮ್ಲ ಸಾಕಷ್ಟು ಆಗೋಕೆ 45ರಿಂದ 60 ದಿನ ಬೇಕು. ತಿಂಗಳಿಗೇ ತೆಗೆದ್ರೆ ದುಡ್ಡು ಕೊಟ್ಟು ತಂದ ಕಾವಲುಗಾರ ಡ್ಯೂಟಿಗೆ ಬರೋ ಮುಂಚೆ ಬಾಗಿಲು ತೆಗೆದ ಹಾಗೆ. ಮಧ್ಯದ ದಿನಗಳಿಗೆ ಅಂತ ರಾಗಿ ಹುಲ್ಲು, ಬದುವಿನ ನೇಪಿಯರ್ ಮೊದಲೇ ಎತ್ತಿಟ್ಟಿದ್ವಿ.

ಇವತ್ತಿಗೆ ಗುಂಡಿ ಮುಚ್ಚಿ 41 ದಿನ. ಮಾವ ಪ್ರತಿ ಭಾನುವಾರ ಫೋನ್ ಮಾಡ್ತಾರೆ. "ಒಂದು ಮೂಲೆ ತೆಗೆದು ನೋಡ್ಲಾ, ಅಳಿಯಂದಿರೇ?" ನಾನು ಬೇಡ ಅಂತೀನಿ. ಅತ್ತೆ ಹಿಂದಿಂದ ನಗ್ತಾರೆ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ತಗೊಂಡಿದ್ದೀನಿ. ಹೊರಗಿನ ಗಾಳಿಗಿಂತ ಮೇವು 2 ಡಿಗ್ರಿ ಬಿಸಿಯಾದ್ರೆ ಕೆಡೋಕೆ ಶುರುವಾಯ್ತು ಅಂತ ಪ್ರಯೋಗಶಾಲೆಗಳಲ್ಲಿ ಲೆಕ್ಕ ಹಿಡೀತಾರೆ. ನಾವು ಗುಂಡಿ ತೆಗೆದ ದಿನ ಒಂದು ಮಂಕರಿ ಮೇವನ್ನ ನೆರಳಲ್ಲಿಟ್ಟು, ದಿನಕ್ಕೆರಡು ಸಲ ಅಳೆದು ಬರೀತೀವಿ. ಎಷ್ಟು ಗಂಟೆಗೆ ಬಿಸಿ ಏರಿತು ಅನ್ನೋದನ್ನ, ಚೆನ್ನಾಗಿ ಬಂದ್ರೂ ಸರಿ, ಮತ್ತೆ ಕೆಟ್ಟರೂ ಸರಿ, ಇಲ್ಲೇ ಓದಿ ಹೇಳ್ತೀನಿ. ನಿಮ್ಮ ಮನೆ ಗುಂಡಿ ಎಷ್ಟು ಅಗಲ, ಹಸು ಎಷ್ಟು ಅಂತ ವಾಯ್ಸ್ ನೋಟ್ ಕಳಿಸಿ, ಲೆಕ್ಕ ಹಾಕಿ ಕೊಡ್ತೀನಿ. ಸಿಗೋಣ.